ರಾಜ ಬದಲಾದ, ದುಭಾಷಿ ಬರಲಿಲ್ಲ

ಅಧ್ಯಕ್ಷರೇ, ಸ್ನೇಹಿತರೇ,

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲವನ್ನು, ಅಂದರೆ ಮಾಮೂಲಿ ತಿದ್ದುಪಡಿಗಳನ್ನು, ನಿಲ್ಲಿಸಿದ ಮೇಲೆ ನನ್ನನ್ನು ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ನನ್ನ ಲ್ಯಾಪ್‌ಟಾಪ್ ಹಳೆಯದಾಯಿತೇ?’ ಕೀಲಿಮಣೆ ಸವೆದಿರುವುದಿಲ್ಲ, ಪರದೆ ಮಂಕಾಗಿರುವುದಿಲ್ಲ. ಯಂತ್ರಕ್ಕೆ ಮುಪ್ಪು ಬರುವ ದಿನವನ್ನು ಅದನ್ನು ಮಾಡಿ ಮಾರಿದವರೇ ಗೊತ್ತುಮಾಡುತ್ತಾರೆ ಎಂಬುದು ನನ್ನ ದೂರು; ಇದನ್ನೇ ಎರಡು ಮೂರು ಸಲ ಹೇಳಿದರೆ ಸಹಿಸಿಕೊಳ್ಳಬೇಕು.

ಈ ದೂರಿನ ನಡುವೆ ನಿಂತಿರುವುದು ಡ್ರೈವರ್ ಎಂಬ ತಂತ್ರಾಂಶ. ಆ ಮಾತನ್ನು ನಾವು ‘ಚಾಲಕ’ ಎಂದು ಕನ್ನಡಿಸಿ ಬಸ್ಸಿನವನನ್ನು ನೆನಪಿಗೆ ತಂದುಕೊಂಡೆವು. ‘ದುಭಾಷಿ’ ಎಂದಿದ್ದರೆ ಒಳ್ಳೆಯದಿತ್ತು. ವಿಂಡೋಸಿನಂಥ ಕಾರ್ಯಾಚರಣ ವ್ಯವಸ್ಥೆಯ ಆಜ್ಞೆಯನ್ನು ವೈಫೈ ಚಿಪ್ಪಿಗೂ ಚಿಪ್ಪಿನ ಉತ್ತರವನ್ನು ವ್ಯವಸ್ಥೆಗೂ ತಿಳಿಸುವ ದುಭಾಷಿ ಅದು. ರಾಜ ಬದಲಾಗಿ ಆಸ್ಥಾನದ ಭಾಷೆಯೂ ಬದಲಾದರೆ ಹಳೆಯ ದುಭಾಷಿಯಿಂದ ಕೆಲಸ ನಡೆಯದು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದು ಪರದೆಯ ಡ್ರೈವರಿನ ರಚನೆಯನ್ನೇ ಬದಲಿಸಿದಾಗ ಆದದ್ದು ಅದೇ.

ವಿಂಡೋಸ್ 7 ಇದ್ದವರಿಗೆ 10 ಉಚಿತವಾಗಿ ಸಿಗುತ್ತಿದ್ದ ವರ್ಷ ನಾನೂ ಒಂದು ರಾತ್ರಿ ಆಸೆಗೆ ಬಿದ್ದೆ. ಬೆಳಗ್ಗೆ ನೋಡಿದರೆ ಪರದೆಯ ಅಕ್ಷರಗಳು ಊದಿಕೊಂಡಿದ್ದವು, ವೈಫೈ ಚಿಹ್ನೆಯೇ ಇರಲಿಲ್ಲ, ಬಿಡಿಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಆಶ್ಚರ್ಯಸೂಚಕಗಳು ಸಾಲುಗಟ್ಟಿದ್ದವು. ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಅರ್ಧ ದಿನ ಒದ್ದಾಡಿದ ಮೇಲೆ, ಆಗ ಪಿಯುಸಿ ಓದುತ್ತಿದ್ದ ಅಣ್ಣನ ಮಗಳು, ‘ಚಿಕ್ಕಪ್ಪ, ಫೋನಿನ ಕೇಬಲ್ ಚುಚ್ಚಿ, ಟೆದರಿಂಗ್ ಆನ್ ಮಾಡಿ’ ಎಂದಳು. ಫೋನಿನ ಇಂಟರ್ನೆಟ್ಟನ್ನು ಕೇಬಲ್ಲಿನ ಮೂಲಕ ಯಂತ್ರಕ್ಕೆ ಕೊಡುವ ಉಪಾಯವದು. ಅದಕ್ಕೆ ಬೇಕಾದ ದುಭಾಷಿ ವಿಂಡೋಸಿನ ಒಳಗೇ ಇತ್ತು! ಆದರೆ ತಯಾರಕರ ಪುಟಕ್ಕೆ ಹೋದರೆ ನನ್ನ ಮಾದರಿಯ ಪಟ್ಟಿ ವಿಂಡೋಸ್ 7ಕ್ಕೇ ನಿಂತಿತ್ತು. ಕೊನೆಗೆ ಹಾರ್ಡ್‌ವೇರ್ ಐಡಿ (ಬಿಡಿಭಾಗದ ಗುರುತು ಸಂಖ್ಯೆ) ನೋಡಿ ಚಿಪ್ಪು ಯಾರದೆಂದು ಪತ್ತೆಹಚ್ಚಿ, ಹಳೆಯ ಡ್ರೈವರನ್ನೇ ಬಲವಂತವಾಗಿ ಕೂರಿಸಿದೆ. (ಆ ಐಡಿಗಳಲ್ಲಿ ಇಂಟೆಲ್ಲಿನ ಸಂಖ್ಯೆ 8086, 1978ರ ತಮ್ಮ ಚಿಪ್ಪಿನ ಹೆಸರನ್ನೇ ಕುಲನಾಮ ಮಾಡಿಕೊಂಡಿದ್ದಾರೆ.) ವೈಫೈ ಬಂತು, ಅಕ್ಷರಗಳ ಊತ ಮಾತ್ರ ಇಳಿಯಲಿಲ್ಲ.

ಇದು ನನ್ನೊಬ್ಬನ ಗ್ರಹಚಾರವೆನ್ನಬೇಡಿ. ಇಂಟೆಲ್ಲಿನ ಕ್ಲೋವರ್ ಟ್ರೇಲ್ ಆಟಮ್ ಚಿಪ್ಪಿನ ಯಂತ್ರಗಳನ್ನು ನೋಡಿ. ವಿಂಡೋಸ್ 8 ಹೊತ್ತು ಬಂದ ಅವು 10ಕ್ಕೆ ಉಚಿತವಾಗಿ ಏರಿದವು. 2017ರಲ್ಲಿ ವಿಂಡೋಸ್ 10ಕ್ಕೇ ಬಂದ ದೊಡ್ಡ ತಿದ್ದುಪಡಿಯಾದ ಕ್ರಿಯೇಟರ್ಸ್ ಅಪ್‌ಡೇಟಿಗೆ ಹೊಸ ಡ್ರೈವರ್ ದೊರೆಯದೆ ಅಲ್ಲಿಯೇ ತಡೆದುಬಿದ್ದವು. ಕೂಗೆದ್ದ ಮೇಲೆ ಮೈಕ್ರೋಸಾಫ್ಟ್ 2023ರ ಜನವರಿಯವರೆಗೆ ಸುರಕ್ಷತಾ ತಿದ್ದುಪಡಿಗಳನ್ನಷ್ಟೇ ಕೊಡಲೊಪ್ಪಿತು. ಮುಪ್ಪಿನ ದಿನ ಗೊತ್ತುಮಾಡಿದವರು ಯಾರು ಎಂದು ಮತ್ತೆ ಕೇಳುತ್ತೇನೆ.

ಮೂಲವನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಕಾರ್ಯಾಚರಣ ವ್ಯವಸ್ಥೆ ಲಿನಕ್ಸಿನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನೆಲ್ಲಿನ (ವ್ಯವಸ್ಥೆಯ ತಿರುಳಿನ) ಮೂಲದೊಂದಿಗೇ ಇರುವುದರಿಂದ ಆಸ್ಥಾನದ ಭಾಷೆ ಬದಲಿಸಿದವರೇ ದುಭಾಷಿಗಳಿಗೂ ಪಾಠ ಹೇಳುತ್ತಾರೆ. ಅಲ್ಲಿ ವರ್ಷಗಟ್ಟಲೆ ಗೋಳು ಹೊಯ್ದುಕೊಂಡ ಬ್ರಾಡ್‌ಕಾಮ್ ವೈಫೈಗೂ 2010ರಲ್ಲಿ ಕಂಪನಿಯೇ ಮುಕ್ತ ಡ್ರೈವರ್ ಕೊಟ್ಟ ಮೇಲೆ… ಅಧ್ಯಕ್ಷರಿಂದ ಚೀಟಿ ಬಂದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಸುರಕ್ಷತಾ ಘಟಕದ ಬಗ್ಗೆ ಎರಡು ಪುಟ ಬರೆದು ತಂದಿದ್ದೆ, ಅದು ಜೇಬಿನಲ್ಲೇ ಇರಲಿ.

ಇಷ್ಟು ಮಾತ್ರ ಬರೆದುಕೊಳ್ಳಿ: ಅಪ್‌ಗ್ರೇಡಿಗೆ ಮೊದಲು ಕಡತಗಳ ಬ್ಯಾಕಪ್, ಪೆನ್‌ಡ್ರೈವಿನಲ್ಲಿ ವೈಫೈ ಡ್ರೈವರ್, ಕೈಕೊಟ್ಟರೆ ಹಿಂದಿನ ಆವೃತ್ತಿಗೆ ಮರಳಲು ವಿಂಡೋಸ್ 11ರಲ್ಲಿ ಸಾಮಾನ್ಯವಾಗಿ 10 ದಿನಗಳ ಅವಕಾಶ. ಲ್ಯಾಪ್‌ಟಾಪ್ ತಂದಿರುವವರು ಚಹಾದ ಹೊತ್ತಿನಲ್ಲಿ ಬನ್ನಿ, ಫೋನಿನ ಕೇಬಲ್ ನನ್ನ ಬಳಿ ಇದೆ.