ಆಡದೇ ಹೋದ ಮಳೆಗಾಲಗಳು

ಕೇಳುಗರಿಗೆಲ್ಲ ನಮಸ್ಕಾರ.

2021ರ ಸೆಪ್ಟೆಂಬರ್ ತಿಂಗಳು. ನಮ್ಮ ಶಾಲೆಯ ಆಟದ ಸಾಮಾನಿನ ಕೋಣೆಯ ಬೀಗ ತೆಗೆದೆ. ಬಾಗಿಲು ತೆರೆಯಲಿಲ್ಲ. ಎರಡು ಮಳೆಗಾಲ ಮುಚ್ಚಿಯೇ ಇದ್ದದ್ದು, ಮರ ಊದಿಕೊಂಡಿತ್ತು. ಭುಜ ಕೊಟ್ಟು ತಳ್ಳಿ ಒಳಗೆ ಹೋದೆ. ಕೊಡಗಿನ ಮನೆಗಳಲ್ಲಿ ಮಳೆಗಾಲದ ಬೂಸ್ಟಿನ ವಾಸನೆ ನಿಮಗೆಲ್ಲ ಗೊತ್ತು. ಅದರ ಹತ್ತರಷ್ಟು ಅಲ್ಲಿತ್ತು. ಬಲೆಯ ಚೀಲದಲ್ಲಿ ಒಂಬತ್ತು ಫುಟ್‌ಬಾಲ್. ಒಂದೊಂದರ ಮೇಲೂ ಹಸಿರು ಬಿಳಿ ಬೂಸ್ಟು. ಬಟ್ಟೆಯಲ್ಲಿ ಒರೆಸಿದರೆ ಮೇಲಿನ ಪದರವೇ ಕಿತ್ತು ಬರುತ್ತಿತ್ತು. ಪಂಪು ಹಾಕಿ ನೋಡಿದೆ. ಗಾಳಿ ನಿಂತದ್ದು ಎರಡರಲ್ಲಿ ಮಾತ್ರ.

ಮೇಜಿನ ಮೇಲೆ ಹಾಜರಿ ಪುಸ್ತಕ ಇತ್ತು. ಕೊನೆಯ ಸಾಲು ನನ್ನದೇ ಅಕ್ಷರ. 13-3-2020, ಶುಕ್ರವಾರ, 22 ಮಕ್ಕಳು, ಕಾರ್ನರ್ ಕಿಕ್ ಅಭ್ಯಾಸ. ಅದರ ಕೆಳಗೆ ಏನೂ ಇಲ್ಲ. ನಾನು ಆ ಕೋಣೆಯಲ್ಲೇ ಒಂದು ಸ್ಟೂಲ್ ಎಳೆದುಕೊಂಡು ಕೂತು, ಆ 22 ಹೆಸರುಗಳನ್ನು ಒಂದೊಂದಾಗಿ ಓದಿದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಆಗಲೇ ಶಾಲೆ ಬಿಟ್ಟು ಹೋಗಿ ಆಗಿತ್ತು.

ಕೊರೊನಾ ಕಾಲದಲ್ಲಿ ಮಕ್ಕಳ ಪಾಠ ಹಾಳಾಯಿತು ಎಂದು ಎಲ್ಲರೂ ಮಾತಾಡಿದರು. ಸರಿಯೇ. ಆದರೂ ಪಾಠಕ್ಕೆ ಏನೋ ಒಂದು ದಾರಿ ಹುಡುಕಿದೆವು. ಮೊಬೈಲಿನಲ್ಲಿ ಕ್ಲಾಸ್ ನಡೆಯಿತು. ನೆಟ್‌ವರ್ಕ್ ಸಿಗದ ಮಕ್ಕಳು ಗುಡ್ಡ ಹತ್ತಿ ಕೂತು ಕೇಳಿದರು. 2021ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಎರಡೇ ದಿನಕ್ಕೆ ಇಳಿಸಿದರು. ಆ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆಯನ್ನೇ ರದ್ದು ಮಾಡಿ ಮಕ್ಕಳನ್ನು ಪಾಸು ಮಾಡಿದರು. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಬೇರೆ ದಾರಿ ಇರಲಿಲ್ಲ. ಆದರೆ ಪರೀಕ್ಷೆ ಬರೆಯದವರಿಗೆ ಅಂಕಪಟ್ಟಿ ಸಿಕ್ಕಿತು, ಪಂದ್ಯ ಆಡದವರಿಗೆ ಸರ್ಟಿಫಿಕೇಟ್ ಸಿಗಲಿಲ್ಲ. ಆ ಸರ್ಟಿಫಿಕೇಟಿನ ಮೇಲೆ ಕ್ರೀಡಾ ಹಾಸ್ಟೆಲ್, ಕಾಲೇಜಿನ ಸೀಟು, ಮುಂದೆ ಒಂದು ಕೆಲಸ ಎಂದು ಲೆಕ್ಕ ಹಾಕಿಕೊಂಡಿದ್ದ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇದ್ದವು.

ಶಾಲಾ ಆಟದ ವರ್ಷ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಜೂನ್‌ನಲ್ಲಿ ಶಾಲೆ ಶುರು. ಮಳೆಯಲ್ಲೇ ಅಭ್ಯಾಸ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ತಾಲ್ಲೂಕು ಮಟ್ಟದ ಪಂದ್ಯ. ಅಲ್ಲಿ ಗೆದ್ದರೆ ಜಿಲ್ಲೆ, ಆಮೇಲೆ ವಿಭಾಗ, ಆಮೇಲೆ ರಾಜ್ಯ. 14 ವರ್ಷದೊಳಗೆ, 17 ವರ್ಷದೊಳಗೆ ಎಂದು ಗುಂಪುಗಳು. ಇದು ಏಣಿ ಇದ್ದ ಹಾಗೆ. ಕೆಳಗಿನ ಮೆಟ್ಟಿಲು ತಪ್ಪಿದರೆ ಮೇಲಿನದ್ದಕ್ಕೆ ಕಾಲಿಡುವ ಹಾಗಿಲ್ಲ. ಆಗಸ್ಟ್ ತಿಂಗಳು ಕೈತಪ್ಪಿತು ಎಂದರೆ ಆ ಮಗುವಿನ ಇಡೀ ವರ್ಷ ಹೋಯಿತು.

ಇನ್ನು ಕೊಡಗಿನ ಆಗಸ್ಟ್ ಬಗ್ಗೆ ನಾನು ನಿಮಗೆ ಹೇಳಬೇಕಾ? 2018ರ ಆಗಸ್ಟ್‌ನಲ್ಲಿ ಬೆಟ್ಟಗಳೇ ಜಾರಿದವು. ನಮ್ಮ ಶಾಲೆ ಪರಿಹಾರ ಕೇಂದ್ರವಾಯಿತು. ಮೈದಾನದಲ್ಲಿ ಅಕ್ಕಿ ಮೂಟೆಯ ಲಾರಿಗಳು ನಿಂತವು. 2019ರ ಆಗಸ್ಟ್‌ನಲ್ಲಿ ಮತ್ತೆ ಪ್ರವಾಹ. 2020ರಲ್ಲಿ ಕೊರೊನಾ. 2021ರ ಆಗಸ್ಟ್ 23ಕ್ಕೆ ರಾಜ್ಯದ ಹೈಸ್ಕೂಲುಗಳು ತೆರೆದಾಗಲೂ ನಮ್ಮ ಜಿಲ್ಲೆಯಲ್ಲಿ ತೆರೆಯಲಿಲ್ಲ. ಇಲ್ಲಿ ಪಾಸಿಟಿವಿಟಿ ದರ ಶೇ. 2ಕ್ಕಿಂತ ಜಾಸ್ತಿ ಇತ್ತು. ಈಗ ಒಂದು ಮಗುವಿನ ಲೆಕ್ಕ ಹಾಕಿ. 2018ರಲ್ಲಿ ಏಳನೇ ಕ್ಲಾಸಿನಲ್ಲಿದ್ದ ಹುಡುಗ 2021ರಲ್ಲಿ ಹತ್ತನೇ ಕ್ಲಾಸು. ಅವನಿಗೆ ಒಂದೇ ಒಂದು ಮಳೆಗಾಲವೂ ಪೂರ್ತಿಯಾಗಿ ಆಡಲು ಸಿಗಲಿಲ್ಲ. ಬೇರೆ ಜಿಲ್ಲೆಯ ಮಕ್ಕಳಿಗೆ ಹೋದದ್ದು ಎರಡು ವರ್ಷ. ನಮ್ಮ ಕಡೆ ಮಕ್ಕಳಿಗೆ ನಾಲ್ಕು.

ಕೊಡಗು ಎಂದರೆ ಹಾಕಿ ಎನ್ನುತ್ತಾರೆ. ಅದು ನಮ್ಮ ಹೆಮ್ಮೆ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬವೂ ಸಾಲಾಗಿ ನಾಲ್ಕು ವರ್ಷ ನಿಂತು, 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಎದ್ದಿತು. 336 ಕುಟುಂಬಗಳು ಬಂದವು. ಆ ಆಟದ ಹಿಂದೆ ಊರಿಗೆ ಊರೇ ಇದೆ. ಆದರೆ ಸುಂಟಿಕೊಪ್ಪ, ಸಿದ್ದಾಪುರದ ಕಡೆ ಹೋಗಿ ನೋಡಿ. ಅಲ್ಲಿ ಫುಟ್‌ಬಾಲ್ ಪ್ರಾಣ. ತೋಟದ ಕೆಲಸಗಾರರ ಲೈನ್ ಮನೆಗಳ ಮಕ್ಕಳು ಆಡುವ ಆಟ ಅದು. ಒಂದು ಚೆಂಡು ಸಾಕು, ಇಪ್ಪತ್ತು ಮಕ್ಕಳು ಸಂಜೆಯವರೆಗೆ ಆಡುತ್ತಾರೆ. ಆ ಮಕ್ಕಳ ಬೆನ್ನಿಗೆ ಶಾಲೆ ಬಿಟ್ಟರೆ ಬೇರೆ ಯಾರೂ ಇಲ್ಲ. ಶಾಲೆ ಮುಚ್ಚಿದ ದಿನವೇ ಅವರ ತಂಡ, ಕೋಚು, ಮೈದಾನ ಎಲ್ಲ ಒಟ್ಟಿಗೆ ಮುಚ್ಚಿತು.

ಅಂಥ ಒಬ್ಬ ಹುಡುಗನ ವಿಷಯ ಹೇಳಬೇಕು. ಹೆಸರು ಬೇಡ. ಎಡಗಾಲಿನ ಆಟಗಾರ, ಲೆಫ್ಟ್ ವಿಂಗ್. ಚೆಂಡು ಕಾಲಿಗೆ ಬಂದರೆ ಎದುರಿನವನ ಭುಜ ನೋಡುತ್ತಿದ್ದ, ಕಾಲು ನೋಡುತ್ತಿರಲಿಲ್ಲ. ಅದನ್ನು ನಾನು ಕಲಿಸಿದ್ದಲ್ಲ. 2020ರಲ್ಲಿ ಅವನಿಗೆ 15. ಲಾಕ್‌ಡೌನ್ ಸಡಿಲವಾದಾಗ ಹೊರ ಜಿಲ್ಲೆಯ ಒಂದು ಕ್ರೀಡಾ ಹಾಸ್ಟೆಲಿನವರು ಫೋನ್ ಮಾಡಿದರು. ಈ ಸಲ ಟ್ರಯಲ್ಸ್ ಇಲ್ಲ, ಹುಡುಗ ಆಡುವ ವಿಡಿಯೋ ಕಳಿಸಿ ಅಂದರು.

ಆಡುವ ವಿಡಿಯೋ ಎಂದರೆ ಎಲ್ಲಿಂದ ತರುವುದು? ಪಂದ್ಯವೇ ಇಲ್ಲ. ಗುಂಪು ಸೇರುವ ಹಾಗಿಲ್ಲ. ಮೈದಾನದಲ್ಲಿ ಮೊಣಕಾಲೆತ್ತರ ಹುಲ್ಲು. ಕೊನೆಗೆ ತೋಟದ ಲೆಕ್ಕ ಬರೆಯುವ ರೈಟರ್‌ನ ಕೇಳಿ ಕಾಫಿ ಒಣಗಿಸುವ ಕಣದಲ್ಲಿ ಆಡಿಸಿದೆವು. ಮಳೆಗಾಲ, ಕಣ ಖಾಲಿ. ಸಿಮೆಂಟ್ ನೆಲದ ಮೇಲೆ ಪಾಚಿ ಜಾರುತ್ತಿತ್ತು. ಗೂಟಗಳ ಬದಲು ಗೊಬ್ಬರದ ಚೀಲ ಸುತ್ತಿ ಇಟ್ಟೆವು. ಅವನ ತಂಗಿ ಅಮ್ಮನ ಮೊಬೈಲ್ ಹಿಡಿದು ವಿಡಿಯೋ ಮಾಡಿದಳು. ಬರಿಗಾಲಲ್ಲಿ ಚೀಲಗಳ ನಡುವೆ ಚೆಂಡು ಒಯ್ದ. ಮೂರು ಸಲ ಜಾರಿ ಬಿದ್ದ. ನಾಲ್ಕನೇ ಸಲ ಸರಿ ಬಂತು. ಲೈನ್ ಮನೆಯ ಹತ್ತಿರ ಸಿಗ್ನಲ್ ಇಲ್ಲದೆ ಆ ವಿಡಿಯೋ ಹೋಗಲೇ ಇಲ್ಲ. ಎರಡು ಮೈಲಿ ನಡೆದು, ಸಿಗ್ನಲ್ ಸಿಗುವ ಬಂಡೆಯ ಮೇಲೆ ನಿಂತು ಕಳಿಸಿದೆವು. ಉತ್ತರ ಬರಲಿಲ್ಲ.

ನಾನು ಅವರನ್ನು ಬಯ್ಯುವುದಿಲ್ಲ. ಒಂದು ನಿಮಿಷದ ವಿಡಿಯೋದಲ್ಲಿ ಏನು ಕಾಣುತ್ತದೆ? ಚೀಲಗಳ ನಡುವೆ ಚೆಂಡು ಒಯ್ಯುವುದು ಕಾಣುತ್ತದೆ. ಗೋಲ್ ಬಿಟ್ಟುಕೊಟ್ಟ ಮೇಲೆ ಹುಡುಗ ತಲೆ ತಗ್ಗಿಸುತ್ತಾನಾ, ಚೆಂಡು ಎತ್ತಿಕೊಂಡು ನಡುಗೆರೆಗೆ ಓಡುತ್ತಾನಾ? ಕೊನೆಯ ಹತ್ತು ನಿಮಿಷ ಉಸಿರು ಉಳಿಯುತ್ತದಾ? ಪಾಸ್ ಕೊಡದ ಗೆಳೆಯನ ಮೇಲೆ ಸಿಟ್ಟು ಮಾಡುತ್ತಾನಾ? ಇದನ್ನೆಲ್ಲ ಮೈದಾನದ ಅಂಚಿನಲ್ಲಿ ನಿಂತೇ ನೋಡಬೇಕು. ಮೂವತ್ತು ವರ್ಷ ಮಕ್ಕಳನ್ನು ಆರಿಸಿದವನು ನಾನು, ನನಗೆ ಗೊತ್ತು.

ಮುಂದಿನ ವರ್ಷ ಟ್ರಯಲ್ಸ್ ಆಯಿತು. ಆಗ ಅವನ ವಯಸ್ಸು ಮಿತಿ ದಾಟಿತ್ತು. ಜನನ ಪ್ರಮಾಣ ಪತ್ರ ನೋಡಿ ವಾಪಸ್ ಕಳಿಸಿದರು. ಚೆಂಡು ಮುಟ್ಟಲೂ ಬಿಡಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಅವನು ನನ್ನನ್ನು ಕೇಳಿದ, ‘ಸಾರ್, ನಾನು ಆಗ ಆಡಿರಲೇ ಇಲ್ಲ ಅಲ್ವಾ, ಹಾಗಾದ್ರೆ ಆ ವರ್ಷ ಯಾಕೆ ಲೆಕ್ಕಕ್ಕೆ ಬರುತ್ತೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಕುಶಾಲನಗರ ಬರುವ ತನಕ ಕಿಟಕಿಯಾಚೆ ನೋಡುತ್ತಾ ಕೂತಿದ್ದೆ.

ಆ ಪ್ರಶ್ನೆಯನ್ನು ಬೇರೆ ದೇಶಗಳು ಹೇಗೆ ಬಗೆಹರಿಸಿದವು ಎಂದು ಆಮೇಲೆ ಹುಡುಕಿ ಓದಿದೆ. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಆಟವಲ್ಲ, ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ. ಅಲ್ಲಿ ಕಾಲೇಜು ತಂಡಕ್ಕೆ ಹೈಸ್ಕೂಲಿನಿಂದಲೇ ಹುಡುಗರನ್ನು ಆರಿಸಿ, ಸ್ಕಾಲರ್‌ಶಿಪ್ ಕೊಟ್ಟು ಕರೆದುಕೊಳ್ಳುತ್ತಾರೆ. 2020ರ ಮಾರ್ಚ್‌ನಿಂದ 2021ರ ಮೇ ಕೊನೆಯವರೆಗೆ ದೊಡ್ಡ ಕಾಲೇಜುಗಳ ಕೋಚುಗಳು ಯಾವ ಹುಡುಗನನ್ನೂ ಎದುರಾ ಎದುರು ನೋಡುವ ಹಾಗಿರಲಿಲ್ಲ. ಹುಡುಗರೂ ಕಾಲೇಜಿಗೆ ಹೋಗಿ ಕೋಚುಗಳನ್ನು ಕಾಣುವ ಹಾಗಿರಲಿಲ್ಲ. ಎಲ್ಲ ಫೋನು, ವಿಡಿಯೋ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಪಂದ್ಯಗಳನ್ನು ಮುಂದಕ್ಕೆ ಹಾಕುತ್ತಾ ಹೋಗಿ 2021ರಲ್ಲಿ ಆಡಿಸಿದರು. ಅಷ್ಟರಲ್ಲಿ ಕಾಲೇಜುಗಳು ಮುಂದಿನ ವರ್ಷದ ಹುಡುಗರನ್ನು ಹೆಚ್ಚುಕಡಿಮೆ ಆರಿಸಿ ಮುಗಿಸಿದ್ದವು. ಓಹಾಯೋ ಸ್ಟೇಟ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳು 1918ರಿಂದ ಪ್ರತಿ ವರ್ಷ ಬಿಡದೆ ಆಡುತ್ತಿದ್ದ ಪಂದ್ಯ 2020ರಲ್ಲಿ ನಿಂತಿತು. 1918 ಎಂದರೆ ಆ ಹಳೆಯ ಇನ್‌ಫ್ಲುಯೆಂಜಾ ಬಂದ ವರ್ಷ. ಆಗಲೂ ನಿಲ್ಲದ್ದು ಈಗ ನಿಂತಿತು.

ಅಲ್ಲಿಯವರು ಒಂದು ಕೆಲಸ ಮಾಡಿದರು. ಆ ವರ್ಷವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಆಗ ಕಾಲೇಜು ಆಟಗಾರನಿಗೆ ಸಿಗುತ್ತಿದ್ದದ್ದು ನಾಲ್ಕು ಸೀಸನ್. 2020ರದ್ದನ್ನು ಬಿಟ್ಟು, ಇನ್ನೊಂದು ವರ್ಷ ಆಡಬಹುದು ಎಂದರು. ಓದಿದಾಗ ನನಗೆ ನಮ್ಮ ಹುಡುಗ ಬಸ್ಸಿನಲ್ಲಿ ಕೇಳಿದ್ದೇ ನೆನಪಾಯಿತು.

ಹಾಗೆಂದು ಅದು ಎಲ್ಲರಿಗೂ ಒಳ್ಳೆಯದಾಯಿತು ಎನ್ನುವಂತಿಲ್ಲ. ದೊಡ್ಡವರು ಒಂದು ವರ್ಷ ಜಾಸ್ತಿ ಉಳಿದರು. ಒಂದು ತಂಡಕ್ಕೆ 85 ಸ್ಕಾಲರ್‌ಶಿಪ್ ಎಂದು ಮಿತಿ ಇತ್ತು. 2021ಕ್ಕೆ ಮಾತ್ರ, ಉಳಿದುಕೊಂಡ ಕೊನೆಯ ವರ್ಷದವರನ್ನು ಆ ಲೆಕ್ಕದಿಂದ ಹೊರಗಿಟ್ಟರು. ಮರುವರ್ಷ ಮತ್ತೆ ಅದೇ 85. ಹಾಗಾಗಿ ಕೆಳಗಿನಿಂದ ಬರುವ ಹೈಸ್ಕೂಲು ಹುಡುಗರಿಗೆ ಜಾಗ ಕಡಿಮೆಯಾಯಿತು. ಅಣ್ಣನಿಗೆ ಇನ್ನೊಂದು ತುತ್ತು ಬಡಿಸಿದರೆ ತಮ್ಮನ ತಟ್ಟೆಯಲ್ಲಿ ಅಷ್ಟು ಕಡಿಮೆ ಆಗುತ್ತದೆ. ವರ್ಷ ವಾಪಸ್ ಕೊಡುವಾಗ ಜಾಗವನ್ನೂ ಜಾಸ್ತಿ ಮಾಡಬೇಕು. ಇಲ್ಲದಿದ್ದರೆ ನಷ್ಟ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆ, ಅಷ್ಟೆ.

ನಮ್ಮ ದೇಶದಲ್ಲೇ ಒಂದು ಉದಾಹರಣೆ ಇದೆ. ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. 17 ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್ ವಿಶ್ವಕಪ್ 2020ರಲ್ಲಿ ಭಾರತದಲ್ಲಿ ಆಗಬೇಕಿತ್ತು. ಆತಿಥೇಯ ದೇಶ ಆದ್ದರಿಂದ ನಮ್ಮ ತಂಡಕ್ಕೆ ನೇರ ಪ್ರವೇಶ. ಮೊದಲು 2021ಕ್ಕೆ ಮುಂದೂಡಿದರು. 2020ರ ನವೆಂಬರ್‌ನಲ್ಲಿ ಅದನ್ನೂ ರದ್ದು ಮಾಡಿದರು. ಬದಲಿಗೆ 2022ರ ವಿಶ್ವಕಪ್ ಭಾರತಕ್ಕೆ ಸಿಕ್ಕಿತು. ಅಕ್ಟೋಬರ್‌ನಲ್ಲಿ ಭುವನೇಶ್ವರ, ಗೋವಾ, ನವಿ ಮುಂಬೈಯಲ್ಲಿ ಚೆನ್ನಾಗಿಯೇ ನಡೆಯಿತು. ಆದರೆ ಅದನ್ನು ಆಡಬೇಕಾದರೆ 2005 ಅಥವಾ ಆಮೇಲೆ ಹುಟ್ಟಿರಬೇಕು. 2003, 2004ರಲ್ಲಿ ಹುಟ್ಟಿ, ಮನೆ ಬಿಟ್ಟು ಕ್ಯಾಂಪಿನಲ್ಲಿ ಬೆವರು ಸುರಿಸಿದ ಹುಡುಗಿಯರು ಟಿವಿಯಲ್ಲಿ ನೋಡಬೇಕಾಯಿತು. ದೇಶಕ್ಕೆ ಪಂದ್ಯ ವಾಪಸ್ ಬಂತು, ಆ ಮಕ್ಕಳಿಗೆ ಬರಲಿಲ್ಲ.

ಸೈನ್ಯದ ಮಾತು ಕೊಡಗಿನವರಿಗೆ ಬೇಗ ಅರ್ಥವಾಗುತ್ತದೆ. ಕೊರೊನಾದಿಂದ ಎರಡು ವರ್ಷ ಭರ್ತಿ ನಡೆಯಲಿಲ್ಲ. 2022ರಲ್ಲಿ ಅಗ್ನಿಪಥ ಬಂದಾಗ ವಯಸ್ಸಿನ ಮಿತಿ 21 ಎಂದಿದ್ದರು. ಎರಡು ವರ್ಷ ಅವಕಾಶವೇ ಸಿಗದ ಹುಡುಗರು ಏನು ಮಾಡಬೇಕು ಎಂಬ ಪ್ರಶ್ನೆ ಬಂತು. ಆ ಒಂದು ಸಲಕ್ಕೆ ಮಿತಿಯನ್ನು 23 ಮಾಡಿದರು. ದೇಶ ಕಾಯುವ ಕೆಲಸಕ್ಕೇ ವಯಸ್ಸು ಸಡಿಲಿಸಬಹುದಾದರೆ, ಚೆಂಡು ಒದೆಯುವ ಮಕ್ಕಳಿಗೆ ಯಾಕೆ ಆಗುವುದಿಲ್ಲ?

ಆಟದಲ್ಲಿ ವಯಸ್ಸಿನ ಗುಂಪು ಯಾಕೆ ಇದೆ ಎಂದು ನನಗೆ ಗೊತ್ತು. 18 ವರ್ಷದವನನ್ನು 14ರ ಹುಡುಗನ ಎದುರು ನಿಲ್ಲಿಸಿದರೆ ಚಿಕ್ಕವನ ಕಾಲು ಮುರಿಯುತ್ತದೆ. ಪಂದ್ಯದ ವಯಸ್ಸು ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಹಾಸ್ಟೆಲಿಗೆ, ಕಾಲೇಜಿಗೆ ಆರಿಸುವ ವಯಸ್ಸು ಬೇರೆ. ಅಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಸರ್ಕಾರವೇ ಪಂದ್ಯ ನಿಲ್ಲಿಸಿದ ವರ್ಷವನ್ನು ವಯಸ್ಸಿನ ಲೆಕ್ಕದಿಂದ ಬಿಡಬೇಕು. ಆ ವರ್ಷದ ಮಕ್ಕಳಿಗೆಂದು ನಾಲ್ಕು ಜಾಗ ಜಾಸ್ತಿ ಇಡಬೇಕು. ಭೂಕುಸಿತ ಆದ ವರ್ಷಕ್ಕೂ ಇದೇ ನಿಯಮ ಬರಲಿ. ರಾಜ್ಯಕ್ಕೆಲ್ಲ ಪಂದ್ಯ ನಡೆದು ನಮ್ಮ ಜಿಲ್ಲೆಗೆ ಮಾತ್ರ ತಪ್ಪಿದ್ದರೂ ಅನ್ವಯಿಸಲಿ. ಮುಂದಿನ ರೋಗ ಯಾವಾಗ ಬರುತ್ತದೋ ಹೇಳಲಾಗದು. ಮುಂದಿನ ಮಳೆ ಮಾತ್ರ ಜೂನ್‌ಗೆ ಬಂದೇ ಬರುತ್ತದೆ.

ದೊಡ್ಡವರ ಆಟ ಬೇಗ ಚೇತರಿಸಿಕೊಂಡಿತು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಫುಟ್‌ಬಾಲ್ ನಿಂತು, ಮತ್ತೆ ಶುರುವಾಗಿ, 2022ರ ಸೆಮಿಫೈನಲ್‌ನಲ್ಲಿ ಕರ್ನಾಟಕ ಕೇರಳದ ಎದುರು 7-3ರಿಂದ ಸೋತಿತು. ಮರುವರ್ಷ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕಪ್ ತಂತು. 54 ವರ್ಷದ ಮೇಲೆ! ಆ ರಾತ್ರಿ ನಾನು ಮೊದಲು ಫೋನ್ ಮಾಡಿದ್ದು ಆ ಎಡಗಾಲಿನ ಹುಡುಗನಿಗೆ. ಅವನು ಆಗಲೇ ನೋಡುತ್ತಿದ್ದ.

ಈಗ ಅವನು ಪಿಕಪ್ ಓಡಿಸುತ್ತಾನೆ. ಕೊಯ್ಲಿನ ಕಾಲದಲ್ಲಿ ಕಾಫಿ ಚೀಲ ಸಾಗಿಸುತ್ತಾನೆ. ಭಾನುವಾರ ಬೆಳಗ್ಗೆ ಏಳಕ್ಕೆ ಮೈದಾನಕ್ಕೆ ಬಂದು ಚಿಕ್ಕ ಮಕ್ಕಳಿಗೆ ಆಡಿಸುತ್ತಾನೆ. ಎದುರಿನವನ ಭುಜ ನೋಡು ಎಂದು ಅವರಿಗೆ ಹೇಳಿಕೊಡುತ್ತಾನೆ. ಆ ಹಳೆಯ 22 ಜನರಲ್ಲಿ ಒಂಬತ್ತು ಮಂದಿಯನ್ನು ಅವನೇ ಹುಡುಕಿ ಕರೆತಂದಿದ್ದಾನೆ. ಉಳಿದವರು ಮೈಸೂರು, ಬೆಂಗಳೂರು ಎಂದು ಚದುರಿ ಹೋಗಿದ್ದಾರೆ.

ನಿಮ್ಮ ಕಡೆಯೂ ಅಂಥವರು ಇರುತ್ತಾರೆ. ಆ ವರ್ಷಗಳಲ್ಲಿ ಹೈಸ್ಕೂಲಿನಲ್ಲಿದ್ದು, ಆಟ ಬಿಟ್ಟುಹೋದ ಹುಡುಗ, ಹುಡುಗಿಯರು. ನಿಮ್ಮೂರ ಶಾಲೆಯ ಮೈದಾನ ಭಾನುವಾರ ಖಾಲಿ ಇದ್ದರೆ, ಮುಖ್ಯೋಪಾಧ್ಯಾಯರ ಹತ್ತಿರ ಒಂದು ಮಾತು ಕೇಳಿ ಅವರನ್ನು ಅಲ್ಲಿಗೆ ಕಳಿಸಿ. ಬೂಟು ಇಲ್ಲದಿದ್ದರೂ ಪರವಾಗಿಲ್ಲ. ಜನನ ಪ್ರಮಾಣ ಪತ್ರ ತರುವುದು ಬೇಡ.

ನಮಸ್ಕಾರ.