ಫ್ರೂಟಾದ ಕಾಲುವೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಯೂಟಾ ರಾಜ್ಯದಲ್ಲಿ ಫ್ರೂಟಾ ಅಂತ ಒಂದು ಜಾಗ ಇದೆ. ಸುತ್ತಲೂ ಕೆಂಪು ಬಂಡೆಯ ಗೋಡೆಗಳು. ವರ್ಷಕ್ಕೆ ಬೀಳುವ ಮಳೆ 8 ಇಂಚಿನ ಆಸುಪಾಸು. ಅಂಥ ಕಡೆ ಸಾವಿರಕ್ಕೂ ಹೆಚ್ಚು ಹಣ್ಣಿನ ಮರಗಳಿವೆ. ಅವನ್ನು ನೆಟ್ಟವರ ಮನೆತನಗಳು ಮಾತ್ರ ಈಗ ಅಲ್ಲಿಲ್ಲ. ಇವತ್ತು ಆ ಜನರ ಬಗ್ಗೆ ಮಾತಾಡುತ್ತೇನೆ.

ಅವರು ಮಾರ್ಮನ್ನರು. 1830ರಲ್ಲಿ ಹುಟ್ಟಿದ ಕ್ರೈಸ್ತ ಪಂಗಡ ಅದು. ಪೂರ್ವದ ರಾಜ್ಯಗಳಲ್ಲಿ ಅವರನ್ನು ಒಂದೂರಿಂದ ಇನ್ನೊಂದೂರಿಗೆ ಅಟ್ಟಿದರು. 1844ರಲ್ಲಿ ಗುರು ಜೋಸೆಫ್ ಸ್ಮಿತ್ ಅವರನ್ನೇ ಗುಂಪೊಂದು ಕೊಂದುಹಾಕಿತು. ಅವರ ಬಳಿಕ ನಾಯಕರಾದ ಬ್ರಿಗಮ್ ಯಂಗ್ ಉಳಿದವರನ್ನು ಗಾಡಿಗಳಲ್ಲಿ ಪಶ್ಚಿಮಕ್ಕೆ ಕರೆದೊಯ್ದರು. 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆ ಸೇರಿದಾಗ ನೆಲ ಕಲ್ಲಿನಂತಿತ್ತು. ನೇಗಿಲು ಇಳಿಯಲಿಲ್ಲ. ಹೊಳೆಯ ನೀರನ್ನು ತಿರುಗಿಸಿ, ನೆಲ ನೆನೆಸಿ, ಆಲೂಗಡ್ಡೆ ಹಾಕಿದರು. ಆಮೇಲೆ ಎಲ್ಲಿ ಹಳ್ಳಿ ಕಟ್ಟಿದರೂ ಅವರಿಗೆ ಕಾಲುವೆಯೇ ಮೊದಲ ಕೆಲಸ.

ಫ್ರೂಟಾಕ್ಕೆ ಅವರು ಬಂದದ್ದು 1880ರ ದಶಕದಲ್ಲಿ. ಫ್ರೀಮಾಂಟ್ ನದಿಗೆ ಸಲ್ಫರ್ ಕ್ರೀಕ್ ಎಂಬ ಹಳ್ಳ ಸೇರುವ ಕಡೆ ಕಣಿವೆ ಕೊಂಚ ಅಗಲವಾಗುತ್ತದೆ. ಅಲ್ಲೇ ನಿಂತರು. ಕೂಡುಜಾಗ ಅಲ್ವಾ, ಅದಕ್ಕೆ ಜಂಕ್ಷನ್ ಅಂತಲೇ ಕರೆದರು. ಹಣ್ಣಿಗೆ ಹೆಸರಾದ ಮೇಲೆ, 1900ರ ಆಸುಪಾಸಿನಲ್ಲಿ ಅದು ಫ್ರೂಟಾ ಆಯಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಅದು ಯಾರೂ ಕಾಣದ ನೆಲವಲ್ಲ. ಅವರಿಗಿಂತ ಆರು ಶತಮಾನ ಹಿಂದೆಯೇ ಫ್ರೀಮಾಂಟ್ ಸಂಸ್ಕೃತಿಯ ಮೂಲನಿವಾಸಿಗಳು ಅಲ್ಲಿ ಮೆಕ್ಕೆಜೋಳ ಬೆಳೆದಿದ್ದರು. ಅವರು ಬಂಡೆಗೆ ಕೊರೆದ ಕೊಂಬಿನ ಕುರಿಗಳೂ ಮನುಷ್ಯರೂ ಇವತ್ತಿಗೂ ರಸ್ತೆ ಬದಿಯಲ್ಲೇ ಕಾಣುತ್ತವೆ.

ಊರು ಎಂದರೆ ಎಷ್ಟು ದೊಡ್ಡದು? ಯಾವ ಕಾಲದಲ್ಲೂ ಹತ್ತು ಮನೆತನಕ್ಕಿಂತ ಜಾಸ್ತಿ ಇರಲಿಲ್ಲ. ಅಷ್ಟೇ ಜನ ಬಂಡೆ ಉರುಳಿಸಿ, ಪೊದೆ ಕಡಿದು, ನದಿಯಿಂದ ಕಾಲುವೆ ತೋಡಿದರು. ನೆರೆ ಬಂದರೆ ಹೂಳು ತುಂಬುತ್ತಿತ್ತು. ಮತ್ತೆ ತೋಡಬೇಕು. ಮಾರ್ಮನ್ ಹಳ್ಳಿಗಳಲ್ಲಿ ನೀರು ಎಲ್ಲರದು, ಸರದಿ ಪ್ರಕಾರ ಹಂಚಿಕೆ. ಅದನ್ನು ನೋಡಿಕೊಳ್ಳಲು ನಮ್ಮ ನೀರಗಂಟಿಯಂಥ ಒಬ್ಬ ಆಳು. ಇದೇ ನದಿಯ ಕೆಳಗಿನ ಹಳ್ಳಿಗಳನ್ನು ನೆನೆದರೆ ಸಂಕಟವಾಗುತ್ತದೆ. ಹೊಲ, ಒಡ್ಡು, ಕಾಲುವೆ ಎಲ್ಲವನ್ನೂ ನೆರೆ ಪದೇ ಪದೇ ಕೊಚ್ಚಿತು. 1909ರ ಪ್ರವಾಹದ ಬಳಿಕ ಗೈಲ್ಸ್ ಎಂಬ ಹಳ್ಳಿ ಬರಿದೇ ಆಯಿತು.

ಫ್ರೂಟಾ ಉಳಿಯಿತು. ಚೆರ್ರಿ, ಏಪ್ರಿಕಾಟ್, ಪೀಚ್, ಮರಸೇಬು, ಸೇಬು, ಪ್ಲಮ್ ಬೆಳೆದರು. ಸಿಹಿ ಜೋಳದ ದಂಟು ಅರೆದು ಜೋನಿಬೆಲ್ಲ ಕಾಯಿಸಿದರು. ಹಣ್ಣನ್ನು ಗಾಡಿಗೆ ಹೇರಿ ಮೇಲಿನ ತಂಪು ಊರುಗಳಿಗೆ ಒಯ್ದರು. ಕೈಯಲ್ಲಿ ದುಡ್ಡು ಕಡಿಮೆ, ಬಹಳಷ್ಟು ವ್ಯವಹಾರ ಸಾಮಾನಿಗೆ ಸಾಮಾನು.

1896ರಲ್ಲಿ ಮರದ ದಿಮ್ಮಿಗಳಿಂದ ಒಂದೇ ಕೋಣೆಯ ಶಾಲೆ ಕಟ್ಟಿದರು. ಜಾಗ ಕೊಟ್ಟವರು ಎಲೈಜಾ ಬೆಹುನಿನ್. ಮೊದಲಿಗೆ ಪಾಠ ಹೇಳಿದ್ದು ಅವರ ಮಗಳು ನೆಟ್ಟಿ, ಇನ್ನೂ ಎಳೆಯ ಹುಡುಗಿ! ಊರಿಗೆ ಬೇರೆ ಚರ್ಚ್ ಇರಲಿಲ್ಲ. ಭಾನುವಾರದ ಪ್ರಾರ್ಥನೆ, ಕುಣಿತ, ಊರ ಸಭೆ, ಎಲ್ಲಾ ಆ ಕೋಣೆಯಲ್ಲೇ. 1941ರಲ್ಲಿ ಮಕ್ಕಳು ಸಾಲದೆ ಶಾಲೆ ಮುಚ್ಚಿತು.

ಅದಕ್ಕೂ ಮುಂಚೆ, 1937ರಲ್ಲಿ, ಸರ್ಕಾರ ಸುತ್ತಲಿನ ನೆಲವನ್ನು ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಸ್ಮಾರಕ, ಅಂದರೆ ಸರ್ಕಾರ ಕಾಪಾಡುವ ನೆಲ, ಅಂತ ಘೋಷಿಸಿತ್ತು. ಮುಂದೆ ಒಂದೊಂದೇ ಜಮೀನು ಕೊಂಡಿತು. 1962ರಲ್ಲಿ ಡಾಂಬರು ರಸ್ತೆ ಬಂತು. ಆದರೆ ಅಷ್ಟು ಹೊತ್ತಿಗೆ ಹೆಚ್ಚಿನವರು ಊರು ಬಿಟ್ಟಿದ್ದರು. ಅನೇಕ ಮನೆಗಳನ್ನು ಸರ್ಕಾರದವರು ಕೆಡವಿದರು. ಇಷ್ಟು ಬೇಗ ಕೆಡವಬಾರದಿತ್ತು ಎಂದು ನನಗೆ ಅನಿಸುತ್ತದೆ. ಕೊನೆಯದಾಗಿ ಡ್ಯೂಯಿ ಗಿಫರ್ಡ್ 1969ರಲ್ಲಿ ಹೊರಟರು. ನಾಲ್ಕು ದಶಕ ಬಾಳಿದ ಮನೆ ಅದು. ಎರಡು ವರ್ಷದ ಬಳಿಕ ಸ್ಮಾರಕ ರಾಷ್ಟ್ರೀಯ ಉದ್ಯಾನವಾಯಿತು.

ಆ ಮನೆ ಇನ್ನೂ ಇದೆ. ಅಲ್ಲಿ ಹಣ್ಣಿನ ಪೈ ಮಾರುತ್ತಾರೆ. ಮರಗಳನ್ನು ಈಗ ಉದ್ಯಾನದ ಸಿಬ್ಬಂದಿ ಸವರುತ್ತಾರೆ, ಸತ್ತ ಮರದ ಜಾಗಕ್ಕೆ ಹೊಸದು ನೆಡುತ್ತಾರೆ. ಕೊಯ್ಲಿಗೆ ತೆರೆದ ತೋಟದೊಳಗೆ ಹೋದವರು ಹಣ್ಣನ್ನು ಅಲ್ಲೇ ತಿಂದರೆ ದುಡ್ಡಿಲ್ಲ. ಮನೆಗೆ ಒಯ್ಯುವುದಾದರೆ ತೂಗಿ ಹಣ ಕೊಡಬೇಕು. ಬೇಸಿಗೆ ಬಂತೆಂದರೆ ಕಾಲುವೆಯಲ್ಲಿ ನದಿ ನೀರು ಹರಿದು ಮರದ ಬುಡ ಸೇರುತ್ತದೆ.

ನಮಸ್ಕಾರ.