ಗುಳ್ಳೆ ಹೋದರೆ ಬೆಳಕು ಬರುತ್ತದೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಓದುತ್ತಿರುವ ಈ ಹಾಳೆಯ ಮೇಲೆ ಒಂದು ಬಿಲ್ಲೆ ಇಟ್ಟುಕೊಂಡಿದ್ದೇನೆ. ನಾಣ್ಯಕ್ಕಿಂತ ತುಸು ದೊಡ್ಡದು, ದಪ್ಪವೂ ಹೆಚ್ಚು. ಅದರ ಕೆಳಗಿರುವ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿವೆ. ನೋಡಿದವರು ಗಾಜು ಅಂದುಕೊಳ್ಳುತ್ತಾರೆ. ಕೈಗೆತ್ತಿಕೊಂಡರೆ ಗಾಜಿಗಿಂತ ಭಾರ, ಬೆರಳಿಗೆ ಗಾಜಿಗಿಂತ ತಣ್ಣಗೆ. ಚಾಕುವಿನ ತುದಿಯಿಂದ ಗೀರಿದರೆ ಬಿಲ್ಲೆಗೆ ಏನೂ ಆಗುವುದಿಲ್ಲ, ಚಾಕುವಿನ ಉಕ್ಕೇ ಸವೆದು ಅದರ ಮೇಲೆ ಬೂದುಬಣ್ಣದ ಗೆರೆಯಾಗಿ ಉಳಿಯುತ್ತದೆ. ಇದರ ಹೆಸರು ಸ್ಪಿನೆಲ್. ಮೆಗ್ನೀಸಿಯಂ, ಅಲ್ಯೂಮಿನಿಯಂ, ಆಮ್ಲಜನಕ ಸೇರಿ ಆದ ಸೆರಾಮಿಕ್. ಮೊದಲು ಇದು ಬರೀ ಬಿಳಿ ಪುಡಿ. ಅದನ್ನು ಅಚ್ಚಿನಲ್ಲಿ ಒತ್ತಿ, ಬೇಯಿಸಿ ಮಾಡಿದ್ದು. ಗಾಜಿನ ಹಾಗೆ ಕರಗಿಸಿದ್ದಲ್ಲ, ಮಡಕೆಯ ಹಾಗೆ ಸುಟ್ಟದ್ದು.

ಮಡಕೆ ಸುಟ್ಟ ಹಾಗೆ ಸುಟ್ಟರೆ ಆಚೆಬದಿ ಕಾಣುವುದು ಹೇಗೆ? ಎಲ್ಲರೂ ಕೇಳುವ ಪ್ರಶ್ನೆ ಇದು. ಏನೋ ಗುಟ್ಟಿನ ಮದ್ದು ಬೆರೆಸಿರಬೇಕು ಎನ್ನುತ್ತಾರೆ. ಇಲ್ಲ. ಅಡುಗೆಮನೆಯಲ್ಲಿ ಕಲ್ಲುಸಕ್ಕರೆ ಇದ್ದರೆ ಒಂದು ಹರಳು ಬೆಳಕಿಗೆ ಹಿಡಿದು ನೋಡಿ, ಬೆಳಕು ದಾಟಿ ಬರುತ್ತದೆ. ಅದನ್ನೇ ಕುಟ್ಟಿ ಪುಡಿ ಮಾಡಿ, ಅಚ್ಚ ಬಿಳಿ. ಸಕ್ಕರೆ ಬದಲಾಗಿಲ್ಲ, ಕಣಗಳ ನಡುವೆ ಗಾಳಿ ಸೇರಿಕೊಂಡಿತು, ಅಷ್ಟೆ. ಬೆಳಕು ಒಂದೊಂದು ಕಣದ ಅಂಚಿಗೂ ತಾಗಿ ದಿಕ್ಕಾಪಾಲಾಗುತ್ತದೆ. ಸೆರಾಮಿಕ್‌ನಲ್ಲೂ ನಡೆಯುವುದು ಇದೇ. ತಪ್ಪು ಪದಾರ್ಥದ್ದಲ್ಲ, ಗುಳ್ಳೆಯದು. ಗುಳ್ಳೆ ಹೋದರೆ ಬೆಳಕು ಬರುತ್ತದೆ.

ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ರಾಬರ್ಟ್ ಕೋಬಲ್. ಅವರ ಕಥೆಯನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. 1950ರ ದಶಕದ ಕೊನೆ, ಅಮೆರಿಕದ ಸ್ಕೆನೆಕ್ಟಡಿ ಊರಿನಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯ. ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಆದ ಪುಡಿಯನ್ನು ಬೇಯಿಸುವಾಗ ಒಳಗೆ ಏನೇನಾಗುತ್ತದೆ ಎಂದು ಅವರು ಅಭ್ಯಾಸ ಮಾಡುತ್ತಿದ್ದರು. ಬೇಯುತ್ತಾ ಹೋದಂತೆ ಪುಡಿಯ ಹರಳುಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡವಾಗುತ್ತವೆ. ಗುಳ್ಳೆಗಳು ಹೊರಬರಲು ಇರುವುದು ಒಂದೇ ದಾರಿ: ಹರಳು ಹರಳಿನ ನಡುವಿನ ಗಡಿ. ಆದರೆ ಕೆಲವು ಹರಳುಗಳು ಅವಸರದಿಂದ ಬೆಳೆದುಬಿಡುತ್ತವೆ. ಗಡಿ ಮುಂದೆ ಓಡುತ್ತದೆ, ಗುಳ್ಳೆ ಹಿಂದೆ ಉಳಿದು ಹರಳಿನ ಹೊಟ್ಟೆಯೊಳಗೆ ಸಿಕ್ಕಿಬೀಳುತ್ತದೆ. ಆಮೇಲೆ ಎಷ್ಟು ಹೊತ್ತು ಬೇಯಿಸಿದರೂ ಅದು ಹೊರಬರುವುದಿಲ್ಲ.

ಕೋಬಲ್ ಆ ಪುಡಿಗೆ ಸ್ವಲ್ಪ ಮೆಗ್ನೀಷಿಯಾ, ಅಂದರೆ ಮೆಗ್ನೀಸಿಯಂ ಮತ್ತು ಆಮ್ಲಜನಕ ಸೇರಿದ ಪುಡಿ, ಬೆರೆಸಿದರು. ಎಷ್ಟು? ನೂರಕ್ಕೆ ಕಾಲು ಪಾಲಿನಷ್ಟು. ಅಷ್ಟಕ್ಕೇ ಹರಳುಗಳ ಅವಸರ ನಿಂತಿತು. ಎಲ್ಲವೂ ನಿಧಾನವಾಗಿ, ಸಮನಾಗಿ ಬೆಳೆದವು. ಗುಳ್ಳೆಗಳು ಗಡಿಯಲ್ಲೇ ಉಳಿದು, ಕುಗ್ಗಿ, ಮಾಯವಾದವು. ಇನ್ನೊಂದು ಸಂಗತಿಯನ್ನು ದಯವಿಟ್ಟು ನೆನಪಿಡಿ: ಅವರು ಬೇಯಿಸಿದ್ದು ಗಾಳಿಯಲ್ಲಲ್ಲ. ಗಾಳಿಯಲ್ಲಿ ಬೇಯಿಸಿದರೆ ಅದರ ಸಾರಜನಕ ಗುಳ್ಳೆಯೊಳಗೇ ಕೂತುಬಿಡುತ್ತದೆ. ಅದಕ್ಕೇ ಜಲಜನಕದಲ್ಲಿ ಅಥವಾ ನಿರ್ವಾತದಲ್ಲಿ ಬೇಯಿಸಬೇಕು. ಕುಲುಮೆಯಿಂದ ಹೊರಬಂದ ಅಲ್ಯೂಮಿನಾ ತುಸು ಮಸುಕಾಗಿತ್ತು, ನಿಜ. ಆದರೂ ಬಿದ್ದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತು ಪಾಲು ದಾಟಿ ಬರುತ್ತಿತ್ತು. 1962ರಲ್ಲಿ ಪೇಟೆಂಟ್ ಸಿಕ್ಕಿತು. ಅದರಿಂದ ಮಾಡಿದ ಕೊಳವೆಯಲ್ಲಿ ಸೋಡಿಯಂ ಆವಿ ತುಂಬಿ ದೀಪ ಹೊತ್ತಿಸಿದರು. ಕುದಿಯುವ ಸೋಡಿಯಂ ಗಾಜನ್ನು ತಿಂದುಹಾಕುತ್ತದೆ, ಈ ಕೊಳವೆ ಮಾತ್ರ ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ನಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಎಲ್‌ಇಡಿ ಬರುವ ಮೊದಲು ನಮ್ಮ ಊರುಗಳ ದೊಡ್ಡ ರಸ್ತೆಗಳಲ್ಲಿ ಹೊಂಬಣ್ಣದ ದೀಪಗಳಿದ್ದವಲ್ಲ, ಅವುಗಳ ಒಳಗಿದ್ದದ್ದು ಇದೇ ಬೆರಳುದಪ್ಪದ ಕೊಳವೆ. ಅದರ ಕೆಳಗೆ ಓಡಾಡಿಯೂ ಪಾರದರ್ಶಕ ಸೆರಾಮಿಕ್ ಎಂದರೆ ಕಟ್ಟುಕಥೆ ಎನ್ನುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ.

ಅಲ್ಯೂಮಿನಾಕ್ಕೆ ಉಳಿದ ಆ ಮಸುಕು ಸ್ಪಿನೆಲ್‌ಗೆ ಇಲ್ಲ. ಅದರ ಹರಳಿನಲ್ಲಿ ಬೆಳಕು ಎಲ್ಲ ದಿಕ್ಕಿಗೂ ಒಂದೇ ವೇಗದಲ್ಲಿ ಹೋಗುತ್ತದೆ. ಅಲ್ಯೂಮಿನಿಯಂ ಆಕ್ಸಿನೈಟ್ರೈಡ್ ಎಂಬ ಇನ್ನೊಂದು ಪಾರದರ್ಶಕ ಸೆರಾಮಿಕ್ಕೂ ಹಾಗೆಯೇ. ನಮ್ಮಲ್ಲಿ ಹೈದರಾಬಾದಿನ ಎಆರ್‌ಸಿಐ ಎಂಬ ಸಂಶೋಧನಾ ಸಂಸ್ಥೆ ಸ್ಪಿನೆಲ್ ಮಾಡಿ ತೋರಿಸಿದೆ.

ಇನ್ನು ಬಾಹ್ಯಾಕಾಶಕ್ಕೆ ಬರೋಣ, ಸಮಯ ಸ್ವಲ್ಪವೇ ಉಳಿದಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕ್ಯುಪೋಲಾ ಎಂಬ ಏಳು ಕಿಟಕಿಗಳ ಗೂಡು ಇದೆ. ಕಳೆದ ವರ್ಷಗಳಲ್ಲಿ ನಿಲ್ದಾಣಕ್ಕೆ ಹೋದ ಎಷ್ಟೋ ಜನ ಭೂಮಿಯನ್ನು ನೋಡಿದ್ದು ಈ ಗೂಡಿನಿಂದ, 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ಕೂಡ. ಆ ಕಿಟಕಿಗಳು ಗಾಜಿನವು. ಒಂದೊಂದಕ್ಕೂ ನಾಲ್ಕು ಪದರ, ಹೊರಗೆ ಮುಚ್ಚುವ ಬಾಗಿಲು ಬೇರೆ. 2016ರಲ್ಲಿ ಬ್ರಿಟನ್ನಿನ ಗಗನಯಾತ್ರಿ ಟಿಮ್ ಪೀಕ್ ಅದರಲ್ಲೊಂದರ ಚಿತ್ರ ತೆಗೆದರು: ಗಾಜಿನಲ್ಲಿ 7 ಮಿಲಿಮೀಟರ್ ಅಗಲದ ಚಕ್ಕೆ ಎದ್ದಿತ್ತು. ಬಡಿದದ್ದು ಬಣ್ಣದ ಚೂರೋ ಲೋಹದ ಚೂರೋ ಇರಬಹುದು, ಮಿಲಿಮೀಟರಿನ ಕೆಲವೇ ಸಾವಿರದಂಶದಷ್ಟು ಗಾತ್ರದ್ದು. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸುತ್ತುವ ಜಾಗದಲ್ಲಿ ಅಷ್ಟು ಸಾಕು. ಗಟ್ಟಿಯಾದ, ಗೀರು ಬೀಳದ ಹೊರಪದರ ಬೇಕು ಎನ್ನುವುದು ಇದಕ್ಕೇ.

ಚಂದ್ರನ ಮೇಲಂತೂ ದೂಳಿನ ಕಾಟ. ಗಾಳಿ, ನೀರು ಉಜ್ಜಿ ನುಣುಪು ಮಾಡದ ಚೂಪು ದೂಳು. 1972ರಲ್ಲಿ ಅಪೊಲೊ 17ರ ಹ್ಯಾರಿಸನ್ ಶ್ಮಿಟ್ ಅವರ ಶಿರಸ್ತ್ರಾಣದ ಮುಖಪರದೆ ಅಲ್ಲಿದ್ದ ಮೂರೇ ದಿನಗಳಲ್ಲಿ ಗೀರುಗಟ್ಟಿ ಹೋಯಿತು. ವರ್ಷಗಟ್ಟಲೆ ನಿಲ್ಲಬೇಕಾದ ಮನೆಯ ಕಿಟಕಿಗೆ ಸ್ಪಿನೆಲ್‌ನಂಥದ್ದೇ ಆಗಬೇಕು. ಬೆಳೆಗೂ ಬೆಳಕು ಬೇಕಲ್ಲ! ಧಾರವಾಡದ ಕೃಷಿ ವಿಶ್ವವಿದ್ಯಾಲಯ ಶುಕ್ಲಾ ಅವರ ಯಾನದಲ್ಲೇ ಹೆಸರುಕಾಳು, ಮೆಂತ್ಯ ಕಳಿಸಿ ಮೊಳಕೆ ಬರಿಸಿ ನೋಡಿದೆ. ಮೊಳಕೆಯ ಮುಂದಿನ ಹೆಜ್ಜೆ ಎಲೆ, ಎಲೆಗೆ ಬಿಸಿಲು.

ಕಿಟಕಿಯನ್ನು ಇಲ್ಲಿಂದಲೇ ಹೊರಬೇಕೇ? ಚಂದ್ರನ ಎತ್ತರದ ನೆಲದಿಂದ ಅಪೊಲೊ 16 ತಂದ ಮಣ್ಣಿನಲ್ಲಿ ನಾಲ್ಕನೇ ಒಂದು ಪಾಲಿಗೂ ಹೆಚ್ಚು ಅಲ್ಯೂಮಿನಾ ಇದೆ. 2023ರಲ್ಲಿ ಚಂದ್ರಯಾನ-3 ಇಳಿದ ಜಾಗದ ಮಣ್ಣೂ ಆ ಜಾತಿಯದೇ. ಅದನ್ನು ಬೇರ್ಪಡಿಸಿ, ಶುದ್ಧಮಾಡಿ, ಒತ್ತಿ ಬೇಯಿಸುವ ಕೆಲಸ ದೊಡ್ಡದು. ಆದರೆ ಇಲ್ಲಿ ನಾವು ದುಬಾರಿ ಪಂಪು ಹಚ್ಚಿ ಕುಲುಮೆಯೊಳಗೆ ತರಿಸುವ ನಿರ್ವಾತ ಅಲ್ಲಿ ಬಾಗಿಲ ಹೊರಗೇ ಇದೆ. ಗುಳ್ಳೆಯೊಳಗೆ ಸಿಕ್ಕಿಬೀಳಲು ಅಲ್ಲಿ ಗಾಳಿಯೇ ಇಲ್ಲ.

ನಮಸ್ಕಾರ.